ಪ್ರೀತಿಯ ಪದದೊಳಗೆ ತತ್ತ್ವ ಹುಡುಕುವ ಬಗೆ

ಮಹಾರಾಷ್ಟ್ರದ ಗಡಿಯ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳಲ್ಲಿ ಹಗಲೆಲ್ಲ ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ ಮೊಳಗಿದ ಪ್ರೀತಿಯ ಜಾನಪದ ಹಾಡು ಅಮಾವಾಸ್ಯೆ ರಾತ್ರಿ ಭಜನೆಗೂ ಬಂದು ಕೂಡುವುದುಂಟು. ಅದರೊಳಗೆ ತತ್ತ್ವ ಇದೆಯೋ, ನಾವೇ ತುರುಕುತ್ತಿದ್ದೇವೋ ಮೊದಲು ನೋಡಬೇಕು.

ಹಾಡನ್ನು ಪಲ್ಲದಿಂದ, ಅಂದರೆ ಪಲ್ಲವಿಯಿಂದ, ಕೊನೆಯ ನುಡಿವರೆಗೆ ಬರೆದುಕೊಳ್ಳಿ. ರೆಕಾರ್ಡಿಂಗಿನಲ್ಲಿ ನುಡಿ ಕತ್ತರಿಸಿರಬಹುದು. ಊರಿನ ಹಿರಿಯ ಹೆಣ್ಣುಮಕ್ಕಳ ಬಾಯಲ್ಲಿ ಒಮ್ಮೆ ಕೇಳಿ.

ಸಂಕೇತಕ್ಕೆ ಕೈಹಾಕುವ ಮುಂಚೆ ಕ್ರಿಯಾಪದ ನೋಡಿ. ಕರೆಯುವವರು ಯಾರು, ಬಾರದವರು ಯಾರು? ಹೆಣ್ಣಿನ ದನಿ, ಬಾರದ ನಲ್ಲ ಇದ್ದರೆ ಭಕ್ತ ಹೆಂಡತಿ, ದೇವರು ಗಂಡ ಎನ್ನುವ ಶರಣಸತಿ ಲಿಂಗಪತಿ ಭಾವಕ್ಕೆ ಬಾಗಿಲು ತೆರೆದಿದೆ. ವಿಠ್ಠಲನನ್ನು ‘ಕಾನಡಾ’, ಕನ್ನಡದವ, ಎಂದು ಕರೆದ ಮರಾಠಿ ಸಂತ ಜ್ಞಾನದೇವರ ಅಭಂಗದಲ್ಲಿ, ಅಂದರೆ ಭಕ್ತಿಪದದಲ್ಲಿ, ಅಪ್ಪಿಕೊಳ್ಳಲು ಹೋದ ಜೀವ ‘ಏಕಲೀ’, ಒಬ್ಬಳೇ, ಆಗಿ ಉಳಿಯುತ್ತದೆ. ಬರೆದದ್ದು ಗಂಡು, ಪದ ಸ್ತ್ರೀಲಿಂಗ. ಹುಡುಗಿಯ ಬಣ್ಣ, ನಡಿಗೆಯನ್ನಷ್ಟೇ ಹೊಗಳುವ ಹಾಡಿಗೆ ಈ ಬಾಗಿಲಿಲ್ಲ. ಕುಣಿಯಲಿಕ್ಕೆ ಬಿಡಿ, ಅದೇನು ಕಡಿಮೆಯಲ್ಲ.

ಆಮೇಲೆ ಗುರುತುಗಳು. ಒಂಬತ್ತು ಬಾಗಿಲ ಮನೆ ದೇಹ. ಐವರು ಮೈದುನರು ಇಂದ್ರಿಯಗಳು. ಒಡೆಯುವ ಕೊಡವೂ ದೇಹವೇ. ತವರು ಮಾತ್ರ ಜಾರುತ್ತದೆ: ಒಂದು ಪದದಲ್ಲಿ ಅದು ಬಿಟ್ಟುಬಂದ ಮೂಲ, ಇನ್ನೊಂದರಲ್ಲಿ ಬಿಡಲಾಗದ ಸಂಸಾರ. ಯಾವುದೆಂದು ಕೊನೆಯ ನುಡಿಯೇ ಹೇಳಬೇಕು. ಪಲ್ಲ ಮತ್ತು ಕೊನೆಯ ನುಡಿ ಎರಡರಲ್ಲೂ ಅರ್ಥ ನಿಂತರೆ ಇಟ್ಟುಕೊಳ್ಳಿ. ನಡುವಿನ ಒಂದೇ ಸಾಲಿನಲ್ಲಿ ಹೊಳೆದದ್ದು ಬರೀ ಪ್ರಾಸದ ಆಟವಿರಬಹುದು. ಬಳೆ, ಬೈಕು, ಮೊಬೈಲಿಗೆಲ್ಲ ತತ್ತ್ವ ಹಚ್ಚಲು ಹೋದರೆ ಕೇಳುವವರು ನಗುತ್ತಾರೆ.

ದೊಡ್ಡ ತಪ್ಪೆಂದರೆ ಪ್ರೀತಿಯನ್ನು ಅಳಿಸಿಹಾಕುವುದು. ಸೊಲ್ಲಾಪುರದ ಸಂಕ್ರಾಂತಿ ಜಾತ್ರೆ ನೋಡಿ. ಶರಣ ಸಿದ್ಧರಾಮನನ್ನೇ ಬಯಸಿದ ಕುಂಬಾರರ ಹುಡುಗಿಗೆ ಅವನ ಯೋಗದಂಡದೊಡನೆ ಮದುವೆಯಾಯಿತೆಂಬ ಕಥೆ. ಇಂದಿಗೂ 7 ನಂದಿಧ್ವಜಗಳ ಮೆರವಣಿಗೆ, ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ. ಅವಳ ಆಸೆ ಸುಳ್ಳೆಂದು ಯಾರೂ ಹೇಳಲಿಲ್ಲ, ಅದಕ್ಕೇ ಅಕ್ಷತೆ ಹಾಕಿದರು. ಹಾಡಿನ ನಲ್ಲನೂ ನಲ್ಲನಾಗಿಯೇ ಇರಲಿ. ‘ನಲ್ಲ’ ತೆಗೆದು ‘ದೇವ’ ಸೇರಿಸಿದರೆ ವಿರಹ ಸತ್ತು ಉಪದೇಶ ಉಳಿಯುತ್ತದೆ.

ಹಾಡುವಾಗ ಕೀಬೋರ್ಡು, ರಿದಮ್ ಪ್ಯಾಡು ಬಿಡಿ. ಏಕತಾರಿ, ತಾಳ, ಕೈಯಲ್ಲಿ ಹಿಡಿದು ಬಾರಿಸುವ ದಮ್ಮಡಿ ಸಾಕು. ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಸಿ, ಪಲ್ಲ ಮುಗಿದ ಮೇಲೆ ಹಿಮ್ಮೇಳ ಒಂದು ಉಸಿರು ತಡೆಯಲಿ. ಅಂಕಿತ, ಅಂದರೆ ಕಟ್ಟಿದವರ ಗುರುತಿನ ಹೆಸರು, ಇಲ್ಲದ ಪದಕ್ಕೆ ಕೊನೆಯಲ್ಲಿ ಗುರುವಿನ ಹೆಸರು ಜೋಡಿಸಬೇಡಿ. ಅರ್ಥ ಕೇಳಿದವರದು, ಪದ ಕಟ್ಟಿದವರದು.