ನಾಯಿ ಕಚ್ಚಿದ ಮೇಲೆ: ನಾವು ಮಾಡಬೇಕಾದ್ದು, ಅಷ್ಟರಲ್ಲಿ ವೈರಸ್ ಮಾಡುವುದು

ನಾಯಿ ಕಚ್ಚಿದ ಕೂಡಲೇ ಆಗಬೇಕಾದ ಮೊದಲ ಕೆಲಸ ಆಸ್ಪತ್ರೆಯಲ್ಲಲ್ಲ, ಮನೆಯ ನಲ್ಲಿಯ ಕೆಳಗೆ. ಗಾಯವನ್ನು ಹರಿಯುವ ನೀರಿಗೆ ಒಡ್ಡಿ, ಬಟ್ಟೆ ಸೋಪಾದರೂ ಸರಿ, ನೊರೆ ಬರುವಂತೆ ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಬೇಕು. ಮೂರು ನಿಮಿಷಕ್ಕೇ ಸಾಕೆನಿಸುತ್ತದೆ, ಸಾಲದು. ರೇಬಿಸ್ ವೈರಸ್ಸಿನ ಮೈಮೇಲೆ ಕೊಬ್ಬಿನ ಹೊದಿಕೆಯಿದೆ. ಪಾತ್ರೆಯ ಜಿಡ್ಡನ್ನು ಬಿಡಿಸುವ ಸೋಪು ಅದನ್ನೂ ಒಡೆಯುತ್ತದೆ, ಹೊದಿಕೆ ಕಳೆದುಕೊಂಡ ವೈರಸ್ ಜೀವಕೋಶದೊಳಗೆ ಹೋಗಲಾರದು. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಅರಿಶಿನ, ಸುಣ್ಣ, ಮೆಣಸಿನಪುಡಿ ಮೆತ್ತುವ ರೂಢಿ ಇನ್ನೂ ಹೋಗಿಲ್ಲ. ಅವು ಗಾಯವನ್ನು ಕೆರಳಿಸುತ್ತವೆಯೇ ಹೊರತು ವೈರಸ್ಸನ್ನು ತಡೆಯುವುದಿಲ್ಲ.

ತೊಳೆದರೂ ಉಳಿದುಕೊಂಡ ವೈರಸ್ ಏನು ಮಾಡುತ್ತದೆ ಎಂಬುದು ತಿಳಿದರೆ ಮುಂದಿನ ಚಿಕಿತ್ಸೆಯ ಕ್ರಮ ತಾನಾಗಿ ಅರ್ಥವಾಗುತ್ತದೆ. ಬಂದೂಕಿನ ಗುಂಡಿನ ಆಕಾರದ ಈ ವೈರಸ್ಸಿನ ಬಳಿ ಇರುವುದು ಐದೇ ಬಗೆಯ ಪ್ರೋಟೀನು. ಅದು ಸ್ನಾಯುವಿನಲ್ಲಿ ಕೆಲಕಾಲ ಉಳಿದು, ನರವೂ ಸ್ನಾಯುವೂ ಕೂಡುವ ಜಾಗದಲ್ಲಿ ನರದ ತುದಿಯನ್ನು ಹೊಕ್ಕು, ನರತಂತು ತನ್ನ ಸರಕು ಸಾಗಿಸಲು ಇಟ್ಟುಕೊಂಡ ವ್ಯವಸ್ಥೆಯನ್ನೇ ಏರಿ ಬೆನ್ನುಹುರಿಯತ್ತ, ಅಲ್ಲಿಂದ ಮಿದುಳಿನತ್ತ ಸಾಗುತ್ತದೆ. ಈ ಪಯಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ದಾರಿ ಚಿಕ್ಕದು, ಸಮಯವೂ ಕಡಿಮೆ. ಲಸಿಕೆಗೆ ಕೆಲಸ ಮಾಡಲು ಅವಕಾಶ ಸಿಗುವುದೇ ಈ ಬಿಡುವಿನಿಂದ.

ಅಷ್ಟು ದಿನ ದೇಹದ ರೋಗನಿರೋಧಕ ವ್ಯವಸ್ಥೆ ಏಕೆ ಸುಮ್ಮನಿರುತ್ತದೆ? ಅದು ದುರ್ಬಲವೆಂದಲ್ಲ, ಅದಕ್ಕೆ ಸುದ್ದಿಯೇ ಮುಟ್ಟಿರುವುದಿಲ್ಲ. ವೈರಸ್ ರಕ್ತದಲ್ಲಿ ತಿರುಗದೆ ನರದೊಳಗೇ ಅಡಗಿ ಹೋಗುತ್ತದೆ. ಸೋಂಕು ತಗುಲಿದ ಜೀವಕೋಶ ಸುತ್ತಲಿನವಕ್ಕೆ ಎಚ್ಚರಿಕೆ ಕೊಡಲು ಬಳಸುವ ಇಂಟರ್‌ಫೆರಾನ್ ವ್ಯವಸ್ಥೆಯನ್ನು ವೈರಸ್ಸಿನ ಐದು ಪ್ರೋಟೀನುಗಳಲ್ಲೊಂದಾದ ಪಿ ಪ್ರೋಟೀನು ಅಡಗಿಸುತ್ತದೆ. ರೋಗಲಕ್ಷಣ ಕಂಡ ದಿನವೂ ಎಷ್ಟೋ ರೋಗಿಗಳ ರಕ್ತದಲ್ಲಿ ಪ್ರತಿಕಾಯ (ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯಲು ದೇಹ ತಯಾರಿಸುವ ಪ್ರೋಟೀನು) ಕಾಣದಿರುವುದು ಇದೇ ಕಾರಣಕ್ಕೆ.

ಆದ್ದರಿಂದ ಎರಡನೆಯ ಹೆಜ್ಜೆ, ಸುದ್ದಿಯನ್ನು ನಾವೇ ಮುಟ್ಟಿಸುವುದು. ಲಸಿಕೆಯಲ್ಲಿರುವುದು ಸತ್ತ ವೈರಸ್. ಅದರ ಹೊರಮೈಯಲ್ಲಿ ಮುಳ್ಳಿನಂತೆ ಚಾಚಿರುವ ಜಿ ಪ್ರೋಟೀನನ್ನು ಕಂಡು ದೇಹ ಪ್ರತಿಕಾಯಗಳನ್ನು ತಯಾರಿಸುತ್ತದೆ. ರಟ್ಟೆಯ ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಚರ್ಮದ ಪದರದೊಳಗೆ ಕೊಡುವುದಾದರೆ ಎರಡೂ ತೋಳಿಗೆ 0.1 ಮಿ.ಲೀ.ನಂತೆ 0, 3, 7, 28ನೇ ದಿನ. 0 ಎಂದರೆ ಮೊದಲ ಚುಚ್ಚುಮದ್ದಿನ ದಿನ, ಕಚ್ಚಿದ ದಿನವಲ್ಲ. ಪುಟ್ಟ ಮಕ್ಕಳಿಗೆ ತೊಡೆಗೆ ಕೊಡುತ್ತಾರೆ. ಪೃಷ್ಠಕ್ಕೆ ಯಾರಿಗೂ ಕೊಡಬಾರದು, ಅಲ್ಲಿನ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವರೆಂದು ಹೆದರುವ ಹಿರಿಯರು ಇನ್ನೂ ಇದ್ದಾರೆ. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆ ನಿಂತು ಎರಡು ದಶಕವಾಯಿತು.

ಲಸಿಕೆಯಿಂದ ಸಾಕಷ್ಟು ಪ್ರತಿಕಾಯ ಹುಟ್ಟಲು ಏಳರಿಂದ ಹದಿನಾಲ್ಕು ದಿನ ಬೇಕು. ಆ ನಡುವಿನ ದಿನಗಳನ್ನು ಕಾಯುವುದು ಇಮ್ಯುನೊಗ್ಲೋಬ್ಯುಲಿನ್, ಎಂದರೆ ಸಿದ್ಧ ಪ್ರತಿಕಾಯ. ರಕ್ತ ಬಂದ ಕಡಿತಕ್ಕೆ, ಒಡೆದ ಚರ್ಮ ಅಥವಾ ಬಾಯಿ, ಕಣ್ಣಿಗೆ ಜೊಲ್ಲು ತಗುಲಿದ್ದಕ್ಕೆ ಇದು ಬೇಕೇ ಬೇಕು. ರಕ್ತ ಬಾರದ ತರಚಿಗೆ ಲಸಿಕೆಯಷ್ಟೇ ಸಾಕು. ವೈರಸ್ ಇರುವುದು ಗಾಯದಲ್ಲಾದ್ದರಿಂದ ಇದನ್ನು ಗಾಯದ ಒಳಗೂ ಸುತ್ತಲೂ ಸೂಜಿಯಿಂದ ತುಂಬುತ್ತಾರೆ. ಬೆರಳ ತುದಿಯಾದರೆ ಔಷಧ ಇಳಿಯುತ್ತಿದ್ದಂತೆ ಚರ್ಮ ಬಿಗಿದು ಬಿಳಿಚುತ್ತದೆ, ಮಗು ಚೀರುತ್ತದೆ, ಹೆತ್ತವರು ಸಾಕು ಬಿಡಿ ಎನ್ನುತ್ತಾರೆ. ಬಿಡಬಾರದು. ಮೊದಲ ಲಸಿಕೆಯಾಗಿ ಏಳು ದಿನ ಕಳೆದಿದ್ದರೆ ಮಾತ್ರ ಇದರ ಅಗತ್ಯವಿಲ್ಲ, ಏಕೆಂದರೆ ಅಷ್ಟರಲ್ಲಿ ದೇಹವೇ ಆ ಕೆಲಸಕ್ಕೆ ತೊಡಗಿರುತ್ತದೆ.

ವೈರಸ್ ಮಿದುಳು ಸೇರಿದ ಮೇಲಿನ ಕಥೆ ಬೇರೆ. ಎಂದೋ ಮಾಯ್ದ ಗಾಯದ ಜಾಗ ಜುಮುಗುಟ್ಟುತ್ತದೆ. ರೋಗಿ ಬಾಯಾರಿ ಲೋಟವನ್ನು ತುಟಿಯ ಹತ್ತಿರ ತಂದರೆ ಗಂಟಲು ಸೆಟೆದು ಕೈ ತಾನಾಗಿ ಹಿಂದೆ ಹೋಗುತ್ತದೆ. ಫ್ಯಾನಿನ ಗಾಳಿಯೂ ಸಾಕು. ನರಕೋಶಗಳು ಬಹುಪಾಲು ಸಾಯದೆ, ಕೆಲಸ ಮಾತ್ರ ಕೆಡುತ್ತದೆ. ವೈರಸ್ ಅಲ್ಲಿಂದ ನರಗಳ ಮೂಲಕ ಜೊಲ್ಲಿನ ಗ್ರಂಥಿಗೂ ಇಳಿಯುತ್ತದೆ. ಈ ಹಂತದಲ್ಲಿ ರಕ್ತದಲ್ಲಿರುವ ಪ್ರತಿಕಾಯ ಮಿದುಳಿಗೆ ಸರಿಯಾಗಿ ತಲುಪದು, ಬದುಕುಳಿದವರು ಬೆರಳೆಣಿಕೆಯಷ್ಟೇ.

ಕಚ್ಚಿದ ನಾಯಿ ಕಣ್ಣಿಗೆ ಬೀಳುವಂತಿದ್ದರೆ ಹತ್ತು ದಿನ ಗಮನಿಸಬೇಕು. ಜೊಲ್ಲಿನಲ್ಲಿ ವೈರಸ್ ಕಾಣಿಸಿಕೊಂಡ ನಾಯಿ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದು ಸಾಯುತ್ತದೆ. ಹತ್ತನೆಯ ದಿನವೂ ಗಟ್ಟಿಯಾಗಿದ್ದರೆ ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲವೆಂದೇ ಲೆಕ್ಕ, ಉಳಿದ ಲಸಿಕೆಯ ವಿಚಾರವನ್ನು ವೈದ್ಯರು ಆಗ ತೀರ್ಮಾನಿಸುತ್ತಾರೆ. ಆದರೆ ನಾಯಿಯನ್ನು ನೋಡುತ್ತ ಲಸಿಕೆಯನ್ನು ತಡಮಾಡುವಂತಿಲ್ಲ. ಆಸ್ಪತ್ರೆಯವರು ದಿನಾಂಕ ಬರೆದುಕೊಟ್ಟ ಚೀಟಿಯನ್ನು ಲಸಿಕೆ ಮುಗಿದ ಮೇಲೂ ಜೋಪಾನವಾಗಿಡಿ: ವೈರಸ್ಸಿನ ಗುರುತು ಹಿಡಿದಿಟ್ಟುಕೊಂಡ ರೋಗನಿರೋಧಕ ವ್ಯವಸ್ಥೆಯ ನೆನಪಿನ ಕೋಶಗಳು ದೇಹದಲ್ಲಿ ಉಳಿದಿರುವುದರಿಂದ, ಮುಂದೆಂದಾದರೂ ಮತ್ತೆ ಕಚ್ಚಿದರೆ 0 ಮತ್ತು 3ನೇ ದಿನದ ಎರಡೇ ಲಸಿಕೆ ಸಾಕು, ಗಾಯಕ್ಕೆ ಚುಚ್ಚುವ ಇಮ್ಯುನೊಗ್ಲೋಬ್ಯುಲಿನ್ ಬೇಕಿಲ್ಲ.