ಕಡಿಯಲು ಏನಿಡಬೇಕು? ಖಡ್ಗಾಭ್ಯಾಸಕ್ಕೆ ನೀರಿನ ಬಾಟಲಿ, ಬಾಳೆಕಂಬ, ಹಸಿ ಬಿದಿರು

ಗೊನೆ ಇಳಿಸಿದ ಮೇಲೆ ಬಾಳೆಕಂಬವನ್ನು ಕಡಿದು ತೆಂಗಿನ ಬುಡಕ್ಕೆ ಹಾಕುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ತೋಟಗಳಲ್ಲಿ ದಿನವೂ ನಡೆಯುವ ಕೆಲಸ. ಖಡ್ಗದ ಹೊಡೆತ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗುರಿ ಕಾಸು ಕೊಟ್ಟರೂ ಸಿಗುವುದು ಕಷ್ಟ. ಜಪಾನಿನ ತಮೆಶಿಗಿರಿ, ಅಂದರೆ ಖಡ್ಗದಿಂದ ಗುರಿ ಕಡಿಯುವ ಅಭ್ಯಾಸದಲ್ಲಿ, ಇಗುಸಾ ಹುಲ್ಲಿನ ಚಾಪೆ ಸುತ್ತಿ, ನೀರಲ್ಲಿ ನೆನೆಸಿ ಕಡಿಯುತ್ತಾರೆ. ಕೊಡಗಿನ ಮದುವೆಗಳಲ್ಲಿ ಬಾಳೆ ಕಡಿಯುವುದು ಒಂದು ಶಾಸ್ತ್ರ. ದೇಶ ಬೇರೆಯಾದರೂ ವಸ್ತುವಿನ ಗುಣ ಒಂದೇ: ಹಸಿಯಾಗಿರಬೇಕು, ನಾರಿರಬೇಕು, ಗಟ್ಟಿ ಗಂಟು ಇರಬಾರದು.

ಗುರಿ ಆರಿಸುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಹೊಡೆತ ತಪ್ಪಿದರೆ ಇದು ಹೇಳುತ್ತದೆಯೇ? ಕಲ್ಲಂಗಡಿ ಹೇಳುವುದಿಲ್ಲ. ಅಲಗು ವಾಲಿದ್ದರೂ ಅದು ಬಿರಿದು ಎರಡಾಗುತ್ತದೆ, ನೋಡಿದವರು ಚಪ್ಪಾಳೆ ತಟ್ಟುತ್ತಾರೆ, ಕಲಿತದ್ದು ಸೊನ್ನೆ. ಬಾಳೆಕಂಬ ಹೇಳುತ್ತದೆ. ನೀರು ತುಂಬಿದ ಬಾಟಲಿಯಂತೂ ಮುಖಕ್ಕೆ ಹೊಡೆದಂತೆ ಹೇಳುತ್ತದೆ.

ಮೊದಲು ಖಡ್ಗ, ಜಾಗ

ಇಲ್ಲಿ ಕತ್ತಿ ಎಂದರೆ ತೋಟದ ಕತ್ತಿ, ಹೆಚ್ಚೆಂದರೆ ಮೆಟ್ಟುಕತ್ತಿ. ಅವು ಮನೆಗೆಲಸದ, ಕೃಷಿಯ ಸಾಧನಗಳು. ಖಡ್ಗದ ಮಾತು ಬೇರೆ, ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಇಟ್ಟುಕೊಳ್ಳುವ, ಸಾಗಿಸುವ ನಿಯಮಗಳನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಅಭ್ಯಾಸ ಸ್ವಂತ ಜಾಗದಲ್ಲಿ, ಬೇಲಿಯ ಒಳಗೆ ಇರಲಿ. ಕಾರವಾರದ ಟಾಗೋರ್ ಕಡಲತೀರದಂಥ ಸಾರ್ವಜನಿಕ ಸ್ಥಳ ಎಷ್ಟೇ ಬಯಲಾಗಿದ್ದರೂ ಬೇಡ. ಕಾನೂನಿನ ತೊಡಕಿನ ಜೊತೆಗೆ ಮರಳಿನ ತೊಡಕೂ ಇದೆ: ಕಾಲು ಹೂತುಕೊಳ್ಳುತ್ತದೆ, ಗುರಿಗೆ ಅಂಟಿದ ಒಂದೊಂದು ಮರಳಿನ ಕಣವೂ ಅಲಗಿನ ಬಾಯಿ ತಿನ್ನುತ್ತದೆ.

ಗೋಡೆಗೆ ತೂಗುಹಾಕುವ ಅಲಂಕಾರದ ಖಡ್ಗದಿಂದ ಏನನ್ನೂ ಕಡಿಯಬೇಡಿ. ಅವುಗಳಲ್ಲಿ ಹಿಡಿಯೊಳಗೆ ಹೋಗುವ ಬಾಲ ಹೆಚ್ಚಾಗಿ ತೆಳು ಸರಳು, ಬೆಸುಗೆ ಹಾಕಿದ್ದು. ನಾಲ್ಕನೆಯದೋ ಐದನೆಯದೋ ಹೊಡೆತಕ್ಕೆ ಅಲಗು ಹಿಡಿಯಿಂದ ಕಳಚಿ ಹಾರಬಹುದು. ಅಲಗಿನ ಅಗಲದ ಅರ್ಧಕ್ಕಿಂತ ಹೆಚ್ಚಿನ ಬಾಲ ಹಿಡಿಯ ಕೊನೆಯವರೆಗೂ ಇರಬೇಕು, ಅಲುಗಾಡಿಸಿದರೆ ಕಟಕಟ ಸದ್ದು ಬರಬಾರದು. ಯಕ್ಷಗಾನದ ಮರದ ಕತ್ತಿ ಹೆಜ್ಜೆ ಕಲಿಯಲು ಚೆನ್ನ, ಅಷ್ಟೇ.

ಕಡಿಯುವವರ ಎದುರಿಗೆ ಯಾರೂ ನಿಲ್ಲುವಂತಿಲ್ಲ. ನೋಡುವವರು ಹಿಂದೆ, ಕನಿಷ್ಠ 5 ಮೀಟರ್ ದೂರದಲ್ಲಿರಲಿ. ಒಮ್ಮೆಗೆ ಒಬ್ಬರ ಕೈಯಲ್ಲಿ ಮಾತ್ರ ಖಡ್ಗ. ಚಪ್ಪಲಿ ಬೇಡ, ಬೂಟು ಹಾಕಿ; ಕಣ್ಣಿಗೆ ಕನ್ನಡಕ ಇರಲಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಚಿರೆಕಲ್ಲಿನ ಅಂಗಳಕ್ಕೆ ಬಾಳೆಯ ಸೊನೆ ಬಿದ್ದರೆ ಅದು ಸೋಪು ಸವರಿದ ನೆಲ. ಅಲ್ಲಿ ಅಭ್ಯಾಸ ನಿಲ್ಲಿಸಿ.

ಗೂಟ ನಿಲ್ಲಿಸುವುದು

ಗುರಿ ಎಷ್ಟೇ ಚೆನ್ನಾಗಿದ್ದರೂ ಗೂಟ ಅಲುಗಾಡಿದರೆ ಹೊಡೆತದ ತಪ್ಪು ಯಾವುದು, ಗೂಟದ ತಪ್ಪು ಯಾವುದು ಎಂದು ತಿಳಿಯುವುದಿಲ್ಲ. 75 ಸೆಂ.ಮೀ. ಉದ್ದದ ಎರಡು ಹಲಗೆಗಳನ್ನು ಅಡ್ಡಡ್ಡ ಸೇರಿಸಿ ಪಾದ ಮಾಡಿ. ನಡುವೆ ಮೊಣಕಾಲಿನ ಎತ್ತರಕ್ಕೆ ಬರುವ ಕಂಬ, ಅದರ ತಲೆಯಲ್ಲಿ 2ರಿಂದ 2.5 ಸೆಂ.ಮೀ. ದಪ್ಪ, 15 ಸೆಂ.ಮೀ. ಉದ್ದದ ಚೂಪು ಗೂಟ. ಗೂಟ ಮೆದು ಮರದ್ದಾಗಿರಲಿ. ತಪ್ಪಿ ಅಲಗು ತಾಗಿದರೆ ಗೂಟ ಹೋಗಲಿ, ಅಲಗು ಉಳಿಯಲಿ. ಅದೇ ಕಾರಣಕ್ಕೆ ಮೇಲ್ಭಾಗದಲ್ಲಿ ಮೊಳೆ, ತಂತಿ, ಸ್ಕ್ರೂ ಏನೂ ಇರಬಾರದು. ಪಾದದ ಮೇಲೆ ಭಾರಕ್ಕೆ ಚಿರೆಕಲ್ಲು ಇಡುವ ಆಸೆ ಬರುತ್ತದೆ, ಏಕೆಂದರೆ ಅದು ಕೈಗೆ ಸಿಗುವಲ್ಲೇ ಇರುತ್ತದೆ. ಮರಳಿನ ಚೀಲವೇ ಲೇಸು. ಕೆಳಕ್ಕೆ ಜಾರಿದ ಹೊಡೆತ ಕಲ್ಲಿಗೆ ಬಡಿದರೆ ಅಲಗಿನ ಬಾಯಿಯಲ್ಲಿ ಹಲ್ಲು ಬೀಳುತ್ತದೆ.

ಗುರಿಯ ತುದಿ ಗಲ್ಲದ ಎತ್ತರಕ್ಕೆ ಬರಲಿ. ಕಡಿಯುವುದು ಮೇಲಿನ ಅರ್ಧವನ್ನು ಮಾತ್ರ. ಗೂಟದ ತುದಿ ಎಲ್ಲಿದೆ ಎಂದು ಗುರಿಯ ಹೊರಗೆ ಸುಣ್ಣದಲ್ಲಿ ಗೆರೆ ಎಳೆದಿಟ್ಟರೆ ಮರೆಯುವುದಿಲ್ಲ.

ನೀರಿನ ಬಾಟಲಿಯಿಂದ ಆರಂಭ

ಒಂದು ಲೀಟರಿನ ತೆಳು ನೀರಿನ ಬಾಟಲಿಗೆ ಕಂಠದವರೆಗೆ ನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಚಪ್ಪಟೆ ತಲೆಯ ಕಂಬದ ಮೇಲೆ ಸುಮ್ಮನೆ ನಿಲ್ಲಿಸಿ. ಕಟ್ಟಬೇಡಿ. ಸೋಡಾ, ಕೋಲಾ ಬಾಟಲಿಗಳು ಒತ್ತಡ ತಾಳಲೆಂದು ದಪ್ಪಗಿರುತ್ತವೆ, ಆರಂಭಕ್ಕೆ ಅವು ಬೇಡ. ಬಲಗೈಯವರು ಬಲಮೇಲಿನಿಂದ ಎಡಕೆಳಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹೊಡೆಯಬೇಕು. ಹೊಡೆತ ಮುಗಿಯುವಾಗ ಬಲಗಾಲು ಮುಂದಿರಬೇಕು. ಎಡಗಾಲು ಮುಂದಿದ್ದರೆ ಅಲಗು ಬಂದು ನಿಲ್ಲುವುದು ಅದೇ ಕಾಲಿನ ಮೇಲೆ. ಎಡದಿಂದ ಹೊಡೆಯುವಾಗ ಇದು ತಿರುವುಮುರುವು.

ಅಲಗಿನ ಬಾಯಿ ಮತ್ತು ಬೆನ್ನು ಎರಡೂ ಹೊಡೆತದ ದಾರಿಯಲ್ಲೇ ಇದ್ದರೆ ಮೇಲಿನ ತುಂಡು ಜಾರಿ ಬೀಳುತ್ತದೆ, ಕೆಳಗಿನ ಅರ್ಧ ನೀರಿನ ಸಮೇತ ನಿಂತಲ್ಲೇ ನಿಂತಿರುತ್ತದೆ. ಬಾಟಲಿ ಹಾರಿ ಬೇಲಿಗೆ ಬಿದ್ದರೆ ಅಲಗು ವಾಲಿತ್ತು, ಕಡಿಯುವ ಬದಲು ತಳ್ಳಿತು. ಅರ್ಧ ಸೀಳಿ ಮಡಚಿಕೊಂಡರೆ ವೇಗ ಸಾಲದು, ಇಲ್ಲವೇ ಹರಿತ ಸಾಲದು. ಯಾವುದು ಎಂದು ತಿಳಿಯಲು ದಿನಪತ್ರಿಕೆಯ ಒಂದು ಹಾಳೆಯನ್ನು ಕ್ಲಿಪ್ ಹಾಕಿ ತೂಗುಬಿಟ್ಟು ಹೊಡೆಯಿರಿ. ಹಾಳೆ ಹರಿಯದೆ ಸೀಳಿಕೊಂಡರೆ ಹರಿತ ಸರಿಯಿದೆ, ಕೈ ಸರಿಮಾಡಿಕೊಳ್ಳಿ. ಒಣ ಪತ್ರಿಕೆಯನ್ನು ದಪ್ಪ ಸುರುಳಿ ಮಾಡಿ ಕಡಿಯುವ ಚಟ ಬೇಡ. ಕಾಗದದಲ್ಲಿ ನುಣುಪಿಗೆಂದು ಬೆರೆಸಿದ ಖನಿಜದ ಪುಡಿ ಇರುವುದರಿಂದ ಅಲಗಿನ ಹರಿತ ಬೇಗ ಇಳಿಯುತ್ತದೆ. ರಟ್ಟಿನದೂ ಅದೇ ಕತೆ.

ಕಡಿದ ಬಾಟಲಿಯ ಚೂರುಗಳನ್ನು ಆಗಲೇ ಹೆಕ್ಕಿಡಿ. ದನ ಮೇಯುವ ಜಾಗದಲ್ಲಿ ಪ್ಲಾಸ್ಟಿಕ್ ಬಿಟ್ಟು ಹೋಗುವುದು ಅನ್ಯಾಯ.

ಬಾಳೆಕಂಬ

ಗೊನೆ ಕಡಿದು ಎರಡು ದಿನ ದಾಟದ ಕಂಬ ಆರಿಸಿ. ಅದಕ್ಕಿಂತ ಹಳತಾದರೆ ನೀರು ಆರಿ, ಪಟ್ಟೆಗಳು ಸಡಿಲಾಗಿ ಅಲಗಿಗೆ ಜೋತುಬೀಳುತ್ತವೆ. ಮಾರನೆಯ ದಿನಕ್ಕೆ ಇಡಬೇಕಿದ್ದರೆ ನೆರಳಲ್ಲಿ ನಿಲ್ಲಿಸಿ, ಕಡಿದ ಬಾಯಿಗೆ ಒದ್ದೆ ಗೋಣಿ ಹೊದಿಸಿ.

ಒಂದು ಮೀಟರಿನ ತುಂಡು ಮಾಡಿ, ಬುಡವನ್ನು ಸಮತಟ್ಟಾಗಿ ಕೊಯ್ದು, ಹೊರಗಿನ ಒಣ ಪಟ್ಟೆಗಳನ್ನೆಲ್ಲ ಸುಲಿಯಿರಿ. ಇದನ್ನು ಬಿಡಬೇಡಿ. ಮಳೆಗೆ ಸಿಡಿದ ಕೆಮ್ಮಣ್ಣು, ಮರಳು ಕೂತಿರುವುದು ಆ ಪಟ್ಟೆಗಳ ಸಂದಿಯಲ್ಲೇ. ಒಂದು ಕೊಡ ನೀರು ಹೊಯ್ದು ತೊಳೆದರೆ ಇನ್ನೂ ಒಳ್ಳೆಯದು. ಆಮೇಲೆ ಗೂಟಕ್ಕೆ ನೇರವಾಗಿ ಒತ್ತಿ ಕೂರಿಸಿ.

ಬಾಳೆಯ ದೊಡ್ಡ ಅನುಕೂಲವೆಂದರೆ ದಪ್ಪವನ್ನು ನಾವೇ ತೀರ್ಮಾನಿಸಬಹುದು. ಪೂರ್ತಿ ಕಂಬ 15ರಿಂದ 20 ಸೆಂ.ಮೀ. ದಪ್ಪ ಇರುತ್ತದೆ, ಅದು ಪಳಗಿದವರಿಗೆ. ಹೊಸಬರು ಪಟ್ಟೆ ಸುಲಿಯುತ್ತ ಹೋಗಿ 8 ಸೆಂ.ಮೀ.ಗೆ ಇಳಿಸಿಕೊಳ್ಳಿ. ಅದು ಓರೆ ಹೊಡೆತಕ್ಕೆ ಒಂದೇ ಏಟಿಗೆ ಹೋಗುವಂತಾದ ಮೇಲೆ ಒಂದೊಂದೇ ಪಟ್ಟೆ ಹೆಚ್ಚು ಉಳಿಸಿ. ಒಂದು ಕಡಿತಕ್ಕೂ ಇನ್ನೊಂದಕ್ಕೂ 10ರಿಂದ 12 ಸೆಂ.ಮೀ. ಅಂತರ ಕೊಟ್ಟರೆ ಒಂದು ತುಂಡಿನಲ್ಲಿ ನಾಲ್ಕೈದು ಹೊಡೆತ ಸಿಗುತ್ತದೆ. ಅಡ್ಡ ಹೊಡೆತಕ್ಕೆ ಅವಸರ ಮಾಡಬೇಡಿ, ಅದು ಓರೆಗಿಂತ ಕಷ್ಟ. ಕೆಳಗಿನಿಂದ ಮೇಲಕ್ಕೆ ಹೋಗುವ ಹೊಡೆತ ಇನ್ನೂ ಕಷ್ಟ.

ಪ್ರತಿ ಹೊಡೆತದ ನಂತರ ಕಡಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಪಟ್ಟೆಗಳ ಉಂಗುರಗಳು ಒಂದೇ ಸಮತಟ್ಟಿನಲ್ಲಿದ್ದರೆ ಅಲಗು ನೇರ ಹೋಗಿದೆ. ಮುಖ ಬಟ್ಟಲಿನಂತೆ ತಗ್ಗಾಗಿದ್ದರೆ ನಡುದಾರಿಯಲ್ಲಿ ಮಣಿಕಟ್ಟು ತಿರುಗಿದೆ. ಬಹುಪಾಲು ಇದಕ್ಕೆ ಕಾರಣ ಹಿಡಿಯನ್ನು ಮೊದಲಿನಿಂದಲೇ ಬಿಗಿಯಾಗಿ ಹಿಡಿದಿರುವುದು. ಹೊರಬೀಳುವ ಕಡೆ ನಾರು ಎಳೆಎಳೆಯಾಗಿ ಜೋತಿದ್ದರೆ ಹೊಡೆತ ಕೊನೆಯಲ್ಲಿ ಸೋತಿದೆ: ಗುರಿ ಮುಟ್ಟಿದ ಕೂಡಲೇ ಕೈ ತಡೆಯುವವರಿಗೆ ಹೀಗಾಗುತ್ತದೆ. ಪಟ್ಟೆಗಳು ಜಜ್ಜಿ ಬಿರಿದಿದ್ದರೆ ಅದು ಕಡಿತವಲ್ಲ, ಬಡಿತ.

ಅಲಗು ಅರ್ಧಕ್ಕೆ ಸಿಕ್ಕಿಕೊಂಡಾಗ ಎಲ್ಲರೂ ಮಾಡುವ ತಪ್ಪು ತಿರುಚಿ ಕೀಳುವುದು. ನೀರು ತುಂಬಿದ ಪಟ್ಟೆಗಳು ಅಲಗನ್ನು ಎರಡೂ ಬದಿಯಿಂದ ಹಿಡಿದಿರುತ್ತವೆ, ತಿರುಚಿದರೆ ಬಾಗುವುದು ಖಡ್ಗ. ಹೋದ ದಾರಿಯಲ್ಲೇ ಹಿಂದಕ್ಕೆ ಎಳೆಯಿರಿ. ಬರದಿದ್ದರೆ ಇನ್ನೊಬ್ಬರು ಮೇಲಿನ ತುಂಡನ್ನು ಹಿಂದಿನಿಂದ ತುಸು ಬಾಗಿಸಿದರೆ ಸಂದಿ ತೆರೆದುಕೊಳ್ಳುತ್ತದೆ.

ಚಾಪೆ ಸುರುಳಿ

ಬಾಳೆ ಸಿಗದಾಗ ಹುಲ್ಲಿನ ಇಲ್ಲವೇ ಜೊಂಡಿನ ಹಳೆ ಚಾಪೆ. ಸಂತೆಯ ಪ್ಲಾಸ್ಟಿಕ್ ಚಾಪೆ ಬೇಡ; ಅದು ನೀರು ಹೀರುವುದಿಲ್ಲ, ಅಲಗು ಜಾರುತ್ತದೆ. ಕೇದಗೆ ಜಾತಿಯ ಎಲೆಯಿಂದ ಹೆಣೆದ ಚಾಪೆ ಹುಲ್ಲಿನದಕ್ಕಿಂತ ಗಟ್ಟಿ, ಆದ್ದರಿಂದ ಸುರುಳಿ ತೆಳುವಾಗಿರಲಿ. ಹಳೆ ಚಾಪೆಯನ್ನು ಮೊದಲು ಚೆನ್ನಾಗಿ ಕೊಡವಿ ತೊಳೆಯಬೇಕು, ಏಕೆಂದರೆ ವರ್ಷಗಟ್ಟಲೆ ಕಾಲಡಿಯ ಧೂಳು ಅದರೊಳಗಿದೆ.

ಬಿಗಿಯಾಗಿ ಸುತ್ತಿ 7ರಿಂದ 8 ಸೆಂ.ಮೀ. ದಪ್ಪ ಬರುವಂತೆ ಮಾಡಿ, ಪ್ರತಿ ಗೇಣಿಗೊಂದು ಕಡೆ ಸುತಲಿಯಿಂದ ಕಟ್ಟಿ. ತಂತಿ ಖಂಡಿತ ಬೇಡ. ನೀರಲ್ಲಿ ತೇಲದಂತೆ ಮೇಲೆ ಭಾರ ಇಟ್ಟು 24 ಗಂಟೆ ನೆನೆಸಿ. ಕರಾವಳಿಯ ಸೆಕೆಗೆ ಎರಡು ದಿನ ದಾಟಿದರೆ ಲೋಳೆ ಬಂದು ನಾರುತ್ತದೆ, ತೊಟ್ಟಿಯಲ್ಲಿ ಸೊಳ್ಳೆ ಮರಿ ಮಾಡುತ್ತದೆ. ಎತ್ತಿ ಒಂದೆರಡು ತಾಸು ನಿಲ್ಲಿಸಿ ನೀರು ಇಳಿಸಿ, ಬಳಿಕ ಗೂಟಕ್ಕೆ ಚುಚ್ಚಿ. ನೆನೆಸದ ಚಾಪೆ ಸ್ಪ್ರಿಂಗಿನಂತೆ ಹೊಡೆತವನ್ನು ಹಿಂದೆ ಎಸೆಯುತ್ತದೆ, ಅಲಗಿಗೂ ಗೀರು ಹಾಕುತ್ತದೆ.

ಬಿದಿರು, ತೂಗುವ ಕಾಯಿ

ಬಿದಿರು ಕೊನೆಗೆ. ಅಂದೇ ಕಡಿದ ಹಸಿ ಬಿದಿರು, 2ರಿಂದ 3 ಸೆಂ.ಮೀ. ದಪ್ಪ, ಗೋಡೆ ತೆಳುವಾಗಿರುವಂಥದು. ಒಳಗೆ ತುಂಬಿಕೊಂಡಿರುವ ಗಂಡು ಬಿದಿರು, ಒಣಗಿದ ಗಳು ಎರಡೂ ಅಲಗಿನ ಬಾಯಿ ಮುರಿಯುತ್ತವೆ. ಹೊಡೆತ ಎರಡು ಗೆಣ್ಣುಗಳ ನಡುವೆ ಬೀಳಬೇಕು. ಓರೆ ಕಡಿತ ಬಿಟ್ಟುಹೋಗುವ ಮೋಟು ಈಟಿಯಷ್ಟೇ ಅಪಾಯ, ಅದನ್ನು ಗರಗಸದಿಂದ ಸಮ ಮಾಡಿಯೇ ಮುಂದಿನ ಹೊಡೆತ. 2017ರ ತಿದ್ದುಪಡಿಯ ನಂತರ ಅರಣ್ಯದ ಹೊರಗೆ ಬೆಳೆದ ಬಿದಿರು ಕೇಂದ್ರದ ಭಾರತೀಯ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಮರವಲ್ಲ. ಕಾಡಿನದನ್ನು ಮಾತ್ರ ಅನುಮತಿ ಇಲ್ಲದೆ ಮುಟ್ಟುವಂತಿಲ್ಲ, ಅದು ಮನೆ ಹಿಂದಿನ ಬೆಟ್ಟದಲ್ಲೇ ಇದ್ದರೂ.

ಮೋಜಿಗೆ ಏನಾದರೂ ಬೇಕಲ್ಲ? ಬೆಳೆದು ನಾರಾದ ಸೋರೆಕಾಯಿ, ಕೊಳೆಯಲು ಬಂದ ಮೊಗೆಕಾಯಿಯನ್ನು ದಾರದಲ್ಲಿ ಎದೆಯೆತ್ತರಕ್ಕೆ ತೂಗುಬಿಡಿ. ಹಿಂದೆ ಆಧಾರವಿಲ್ಲದ್ದರಿಂದ ವೇಗವಿಲ್ಲದ ಹೊಡೆತಕ್ಕೆ ಅದು ಓಲಾಡುತ್ತದಷ್ಟೇ. ಕೈ ಕುದುರಿದ ಮೇಲೆ ನಿಂಬೆ. ಕುದುರೆಯ ಮೇಲೆ ಓಡುತ್ತ ತೂಗುವ ನಿಂಬೆಯನ್ನು ಖಡ್ಗದಿಂದ ಕಡಿಯುವುದು ಸವಾರರ ಪಂದ್ಯಗಳಲ್ಲಿ ಇಂದಿಗೂ ಇದೆ. ನೆಲದ ಮೇಲೆ ನಿಂತು ಪ್ರಯತ್ನಿಸಿದರೇ ಅದರ ಕಷ್ಟ ಅರ್ಥವಾಗುತ್ತದೆ. ಆದರೆ ಯಾರದೋ ಅಂಗೈ ಮೇಲೆ, ಹೊಟ್ಟೆಯ ಮೇಲೆ ಇಟ್ಟು ಕಡಿಯುವ ಪ್ರದರ್ಶನದ ಆಟ ಇಲ್ಲಿ ಬೇಡವೇ ಬೇಡ.

ಎಳನೀರು, ಒಣ ತೆಂಗಿನಕಾಯಿ, ತೆಂಗಿನ ಹೆಡೆಯ (ಗರಿಯ) ದಂಟು, ಅಡಿಕೆ ಮರದ ದಬ್ಬೆ ಇವೂ ಬೇಡ. ಎಳನೀರು ಕೆತ್ತುವ ಕತ್ತಿ ದಪ್ಪ, ಗಿಡ್ಡ, ಭಾರ. ಖಡ್ಗದ ತೆಳು ಅಲಗು ಆ ಸಿಪ್ಪೆಯಲ್ಲಿ ಸಿಕ್ಕಿ ಬಾಗುತ್ತದೆ. ಹಲಸಿನಕಾಯಿ ಕಡಿದರೆ ಮೇಣ ಅಲಗಿಗೆ ಹತ್ತಿ ಎರಡನೆಯ ಹೊಡೆತಕ್ಕೇ ಅಡ್ಡಿ. ಬನವಾಸಿ ಕಡೆಯಲ್ಲಿ ಅನಾನಸು ಧಾರಾಳ ಸಿಕ್ಕರೂ ಅದರ ಹುಳಿ ರಸ ಉಕ್ಕಿಗೆ ಕಲೆ ಹಾಕುತ್ತದೆ.

ಮುಗಿದ ಮೇಲೆ

ಒಂದು ಸಲಕ್ಕೆ 15–20 ಹೊಡೆತ ಸಾಕು. ತೋಳು ಸೋತ ಮೇಲೆ ಅಲಗು ವಾಲುತ್ತದೆ, ಅಪಾಯವೂ ಹೆಚ್ಚುತ್ತದೆ.

ಬಾಳೆಯ ಕರೆ ಬಟ್ಟೆಗೆ ಹತ್ತಿದರೆ ಹೋಗದು ಎಂದು ಎಲ್ಲರಿಗೂ ಗೊತ್ತು. ಅದು ಉಕ್ಕನ್ನೂ ಕಪ್ಪು ಮಾಡುತ್ತದೆ. ಐದಾರು ಹೊಡೆತಕ್ಕೊಮ್ಮೆ ಒದ್ದೆ ಬಟ್ಟೆಯಿಂದ, ಬೆನ್ನಿನ ಕಡೆಯಿಂದ ಒರೆಸಿ. ಕೊನೆಯಲ್ಲಿ ಪೂರ್ತಿ ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಮೇಣ ಬಿಡಿಸಲು ಚೆನ್ನ, ಸವರಿ ಇಡಲು ಅಲ್ಲ, ಕಾಲಕ್ರಮದಲ್ಲಿ ಅಂಟಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಡ್ಗವನ್ನು ಚರ್ಮದ ಒರೆಯಲ್ಲಿ ಇಡಬೇಡಿ. ಚರ್ಮ ತೇವ ಹಿಡಿದುಕೊಂಡು ವಾರದೊಳಗೆ ತುಕ್ಕಿನ ಚುಕ್ಕೆ ಏಳುತ್ತದೆ. ಎಣ್ಣೆಬಟ್ಟೆ ಸುತ್ತಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ.

ಕಂಬದಲ್ಲಿ ಕಡಿಯದೆ ಉಳಿದ ಬುಡದ ಭಾಗದೊಳಗಿನ ದಿಂಡು ಪಲ್ಯಕ್ಕೆ ಆಗುತ್ತದೆ. ಅಲಗು ತಾಗಿದ ತುಂಡುಗಳಿಗೆ ಯಂತ್ರದ ಎಣ್ಣೆ ಹತ್ತಿರಬಹುದು. ಅವನ್ನು ಅಡುಗೆಗೂ ಕೊಟ್ಟಿಗೆಗೂ ಒಯ್ಯದೆ ತೆಂಗಿನ ಬುಡಕ್ಕೆ ಹಾಕಿ.