ಮೊದಲು ಬೇಸಿಗೆ, ಆಮೇಲೆ ಮಳೆ: ಸ್ಟರ್ಬಾಯ್ ಮರಿ ಮಾಡಿಸಿದ ನನ್ನ ಅನುಭವ

"ಶೆಟ್ರೇ, ಸ್ಟರ್ಬಾಯ್ ಮುಂಬಯಿಯ ನಲ್ಲಿನೀರಿನಲ್ಲಿ ಬದುಕುತ್ತದೆ, ಮೊಟ್ಟೆ ಇಡುವುದಿಲ್ಲ, ಮರಿ ಬೇಕಾದರೆ ಬ್ಯಾಂಕಾಕಿನಿಂದಲೇ ಬರಬೇಕು" ಎಂದು ಕುರ್ಲಾದ ಪೇಟೆಯಲ್ಲಿ ಬಣ್ಣದ ಮೀನು ಮಾರುವ ಹಿರಿಯರೊಬ್ಬರು ನನಗೆ ಎರಡು ಸಲ ಹೇಳಿದ್ದರು. ಸ್ಟರ್ಬಾಯ್ ಎಂದರೆ ಟ್ಯಾಂಕಿನ ತಳದಲ್ಲಿ ಓಡಾಡುವ, ಮೀಸೆಯಿರುವ ಒಂದು ಸಣ್ಣ ಅಲಂಕಾರಿಕ ಮೀನು. ಕಳೆದ ಎರಡು ಮಳೆಗಾಲಗಳಲ್ಲಿ ಮುಲುಂಡಿನ ನನ್ನ ಮನೆಯಲ್ಲಿ ಆ ಮೀನು ಏಳು ಸಲ ಮೊಟ್ಟೆ ಇಟ್ಟಿದೆ. ನೂರೈವತ್ತರಷ್ಟು ಮರಿಗಳು ಒಂದಿಂಚು ದಾಟಿವೆ. ಟ್ಯಾಂಕ್ ಪಳಗಿಸುವುದು, ಸ್ಪಾಂಜ್ ಫಿಲ್ಟರ್ ತೊಳೆಯುವುದು ಮುಂತಾದವು ಓದುವವರಿಗೆ ಗೊತ್ತಿವೆ ಎಂದುಕೊಂಡು ನೇರವಾಗಿ ವಿಷಯಕ್ಕೆ ಬರುತ್ತೇನೆ.

1962ರಲ್ಲಿ ವಿಜ್ಞಾನಿಗಳು ಇದಕ್ಕೆ ಇಟ್ಟ ಹೆಸರು ಕೋರಿಡೋರಾಸ್ ಸ್ಟರ್ಬಾಯ್. 2024ರ ಪರಿಷ್ಕರಣೆಯಲ್ಲಿ ಅದು ಹಾಪ್ಲಿಸೋಮಾ ಸ್ಟರ್ಬಾಯ್ ಆಯಿತು. ಆದರೆ ಪೇಟೆಯಲ್ಲಿ ಆ ಹೆಸರು ಹೇಳಿದರೆ ಹೊಸ ಔಷಧಿ ಕೇಳುತ್ತಿದ್ದೇನೆ ಎಂದುಕೊಳ್ಳುತ್ತಾರೆ. ಆದ್ದರಿಂದ ನಾನೂ 'ಕೋರಿ' ಎಂದೇ ಬರೆಯುತ್ತೇನೆ. ಬ್ರೆಜಿಲ್ ಮತ್ತು ಬೊಲಿವಿಯಾದ ಗಡಿಯಲ್ಲಿ ಹರಿಯುವ ಗ್ವಾಪೊರೆ ನದಿಯ ಕಡೆಯದು. ಕಪ್ಪು ತಲೆಯ ಮೇಲೆ ಬಿಳಿ ಚುಕ್ಕೆ, ಎದೆಯ ರೆಕ್ಕೆಯ ಮುಳ್ಳು ಕಿತ್ತಳೆ ಬಣ್ಣ. ತಲೆ ಬಿಳಿಯಾಗಿದ್ದು ಚುಕ್ಕೆ ಕಪ್ಪಾಗಿದ್ದರೆ ಅದು ಇನ್ನೊಂದು ಜಾತಿ, ಹರಾಲ್ಡ್‌ಶುಲ್ಟ್ಸಿ. ಈ ವ್ಯತ್ಯಾಸ ತಿಳಿಯದೆ ನಾನು ಮೊದಲು ತಂದ ಆರು ಮೀನುಗಳಲ್ಲಿ ಎರಡು ಬೇರೆ ಜಾತಿಯವಾಗಿದ್ದವು.

ಆ ಆರನ್ನೂ ಬದುಕಿಸಿಕೊಳ್ಳಲಾಗಲಿಲ್ಲ. 2021ರ ಡಿಸೆಂಬರಿನ ಒಂದು ಸಂಜೆ ತಲಾ ಸುಮಾರು 300 ರೂಪಾಯಿ ಕೊಟ್ಟು ಒಂದೇ ಚೀಲದಲ್ಲಿ ಹಾಕಿಸಿಕೊಂಡು, ಕುರ್ಲಾದಲ್ಲಿ ಲೋಕಲ್ ಹತ್ತಿದೆ. ಭಾಂಡುಪ್ ದಾಟುವ ಹೊತ್ತಿಗೆ ಚೀಲದ ನೀರು ನೊರೆ ಕಟ್ಟಿತ್ತು. ಮುಲುಂಡಿನಲ್ಲಿ ಇಳಿದು ಬೆಳಕಿಗೆ ಹಿಡಿದರೆ ಐದು ಮೀನುಗಳು ಮಗುಚಿ ಬಿದ್ದಿದ್ದವು, ಆರನೆಯದು ರಾತ್ರಿ ಸತ್ತಿತು. ಹೆದರಿದ ಕೋರಿಗಳು ಮೈಯಿಂದ ವಿಷ ಬಿಡುತ್ತವೆ, ಕಟ್ಟಿದ ಚೀಲದಲ್ಲಿ ಅದು ಅವಕ್ಕೇ ಮುಳುವಾಗುತ್ತದೆ ಎಂಬುದನ್ನು ಕಲಿಯಲು ನನಗೆ 1,800 ರೂಪಾಯಿ ಖರ್ಚಾಯಿತು. ಈಗ ಹಿಡಿದ ಮೀನನ್ನು ಅರ್ಧ ಗಂಟೆ ಬಕೆಟ್ಟಿನಲ್ಲಿ ಬಿಟ್ಟು, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಒಂದು ಚೀಲಕ್ಕೆ ಒಂದೇ ಮೀನಿನಂತೆ ಕಟ್ಟಿಸುತ್ತೇನೆ. ಅಂಗಡಿಯವರಿಗೆ ಇದು ಹಿಡಿಸುವುದಿಲ್ಲ.

ಎರಡನೆಯ ಸಲ ತಂದದ್ದು ಒಂಬತ್ತು: ಆರು ಗಂಡು, ಮೂರು ಹೆಣ್ಣು. ಸುಮಾರು ಎರಡು ವರ್ಷ ಎಲ್ಲರೂ ಹೇಳುವುದನ್ನೇ ಮಾಡಿದೆ, ಅಂದರೆ ಚೆನ್ನಾಗಿ ತಿನ್ನಿಸಿ ತಣ್ಣೀರು ಬದಲಿಸಿದೆ. ಮೀನುಗಳು ದಪ್ಪಗಾದವು, ಅಷ್ಟೆ. ಶುದ್ಧ ಮಳೆನೀರೇ ಬೇಕೇನೋ ಎಂದು ಬಾಲ್ಕನಿಯ ತಗಡಿನಿಂದ ಸುರಿಯುವ ನೀರನ್ನು ಒಂದು ಜುಲೈಯಲ್ಲಿ ಹಿಡಿದು ಟ್ಯಾಂಕಿಗೆ ಹಾಕಿದೆ. ಮರುದಿನ ಒಂದು ಹೆಣ್ಣು ಸತ್ತಿತು. ತಗಡಿನ ಸತುವೋ ರಸ್ತೆಯ ಹೊಗೆಯೋ, ಆ ಪ್ರಯೋಗ ಅಲ್ಲಿಗೇ ನಿಂತಿತು.

ದಾರಿ ಸಿಕ್ಕಿದ್ದು ಊರಿನ ನೆನಪಿನಿಂದ. ಕುಂದಾಪುರದ ಕಡೆ ಮೊದಲ ಮಳೆಗೆ ತೋಡಿನ ಮೀನುಗಳು ಗದ್ದೆಗೆ ಹತ್ತುವುದನ್ನು ಚಿಕ್ಕಂದಿನಲ್ಲಿ ಲಾಟೀನು ಹಿಡಿದು ನೋಡಿದವನು ನಾನು. ಹಾಗೆ ಹತ್ತುವ ಮುಗುಡುಗಳು (ಮೀಸೆಯ ಮೀನುಗಳು) ಅದಕ್ಕೆ ಮುಂಚೆ ಎರಡು ತಿಂಗಳು ಬತ್ತಿದ ಹೊಂಡದ ಬಿಸಿ ಕೆಸರುನೀರಿನಲ್ಲಿ ಇದ್ದವು. ನಾವೆಲ್ಲರೂ ಮಳೆಯನ್ನು ಮಾತ್ರ ಕೊಡುತ್ತಿದ್ದೆವು, ಬೇಸಿಗೆಯನ್ನು ಕೊಟ್ಟಿರಲಿಲ್ಲ.

2024ರ ಮೇ ತಿಂಗಳಲ್ಲಿ ಎರಡಡಿ ಟ್ಯಾಂಕಿನ ನೀರನ್ನು ದಿನಕ್ಕೊಂದು ಚೊಂಬಿನಂತೆ ತೆಗೆಯುತ್ತ ಮೂರು ವಾರಗಳಲ್ಲಿ ಅರ್ಧಕ್ಕೆ ಇಳಿಸಿದೆ. ನೀರು ಬದಲಿಸಲಿಲ್ಲ, ಊಟ ಎರಡು ದಿನಕ್ಕೊಮ್ಮೆ ಮಾತ್ರ. ನೀರು 30 ಡಿಗ್ರಿಯ ಆಸುಪಾಸಿನಲ್ಲಿತ್ತು. ಕೋರಿಗಳಲ್ಲಿ ಸ್ಟರ್ಬಾಯ್ ಬಿಸಿ ತಡೆಯುವ ಜಾತಿ, ಆದರೂ ಅವು ಆಗಾಗ ಮೇಲಕ್ಕೆ ಚಿಮ್ಮಿ ಗಾಳಿ ನುಂಗುತ್ತಿದ್ದುದನ್ನು ಕಂಡು ಏರ್ ಪಂಪನ್ನು ಜೋರು ಮಾಡಿದೆ. ಕೊನೆಯ ಆರು ದಿನ ಹೊಟ್ಟೆ ತುಂಬ ಊಟ: ಮೀನಿಗೆ ಹಾಕುವ ಕೆಂಪು ಹುಳ, ಅಂದರೆ ಫ್ರೋಜನ್ ಬ್ಲಡ್‌ವರ್ಮ್, ಜೊತೆಗೆ ನಮ್ಮ ಹೋಟೆಲಿನ ಅಡುಗೆಮನೆಯ ಇನ್ನೊಂದು ವಸ್ತು. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಏಳನೆಯ ರಾತ್ರಿ, ಹೋಟೆಲು ಮುಚ್ಚಿದ ಮೇಲೆ, ಜ್ಯೂಸ್ ಕೌಂಟರಿನ ಐಸನ್ನು ಬಾಟಲಿಗಳಲ್ಲಿ ತುಂಬಿ ತಂದು, ಕ್ಲೋರಿನ್ ತೆಗೆದಿಟ್ಟ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ 21 ಡಿಗ್ರಿಗೆ ತಂದೆ. ಆ ನೀರನ್ನು ತೂತು ಮಾಡಿದ ಪೈಪಿನಿಂದ ಎರಡು ಗಂಟೆ ಹನಿಹನಿಯಾಗಿ ಸುರಿಸಿದೆ. ಟ್ಯಾಂಕು ತುಂಬಿದಾಗ ಸುಮಾರು 25 ಡಿಗ್ರಿ ಇತ್ತು.

ಬೆಳಿಗ್ಗೆ ಐದೂವರೆಗೆ ಮನೆಯವಳು ಎಬ್ಬಿಸಿ, ಮೀನುಗಳಿಗೆ ಹುಚ್ಚು ಹಿಡಿದಿದೆ ಎಂದಳು. ಹೆಣ್ಣು ಗಂಡಿನ ಹೊಟ್ಟೆಗೆ ಅಡ್ಡಲಾಗಿ ಮೂತಿ ಒತ್ತಿ ಇಂಗ್ಲಿಷಿನ 'ಟಿ' ಅಕ್ಷರದಂತೆ ಅರೆ ನಿಮಿಷ ಅಲುಗದೆ ನಿಂತಿತು. ಹೊಟ್ಟೆಯಡಿಯ ರೆಕ್ಕೆಗಳನ್ನು ಬೊಗಸೆಯಂತೆ ಮಡಿಸಿ ಅದರಲ್ಲಿ ಮೂರು ಮೊಟ್ಟೆ ಹಿಡಿಯಿತು. ಗಾಜಿನ ಒಂದು ಮೂಲೆಯನ್ನು ಬಾಯಿಂದ ಉಜ್ಜಿ ಅಲ್ಲಿ ಅಂಟಿಸಿ ಮತ್ತೆ ಗಂಡಿನ ಕಡೆ ತಿರುಗಿತು. ಹತ್ತು ಗಂಟೆಯವರೆಗೆ ಹೀಗೇ ನಡೆಯಿತು. ಆ ದಿನ ನಾನು ಕ್ಯಾಶಿಗೆ ತಡವಾಗಿ ಹೋದೆ.

ಅರವತ್ತರಷ್ಟು ಮೊಟ್ಟೆಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು ಶ್ರೀಖಂಡದ ಡಬ್ಬಿಗೆ ಹಾಕಿದೆ. ಮೂರನೆಯ ದಿನಕ್ಕೆ ಎಲ್ಲಕ್ಕೂ ಬಿಳಿ ಬೂಷ್ಟು ಹಿಡಿಯಿತು. ಜುಲೈಯಲ್ಲಿ ಮತ್ತೆ ಇಟ್ಟಾಗ ಬೂಷ್ಟು ತಡೆಯುವ ನೀಲಿ ಔಷಧಿ ಮೆಥಿಲೀನ್ ಬ್ಲೂ ಹಾಕಿದೆ. ನಾಲ್ಕನೆಯ ದಿನ ನಲವತ್ತು ಮರಿ ಒಡೆದವು, ಆದರೆ ಡಬ್ಬಿಯ ತಳದಲ್ಲಿ ಕೊಳೆತ ಆಹಾರದಿಂದಾಗಿ ವಾರದೊಳಗೆ ಮೂವತ್ತೈದು ಸತ್ತವು. ಮೂರನೆಯ ಸಲ ನೀಲಿ ಔಷಧಿ ಬಿಟ್ಟು, ಕಟ್ಟಡದ ಗೇಟಿನ ಬಳಿಯ ಕಾಡುಬಾದಾಮಿಯ ಒಣ ಎಲೆ ಹಾಕಿ, ಜೊತೆಗೆ ನಾಲ್ಕು ಚೆರ್ರಿ ಸಿಗಡಿಗಳನ್ನು ಬಿಟ್ಟು ನೋಡಿದೆ. ಸಿಗಡಿಗಳು ಬೂಷ್ಟು ಹಿಡಿದ ಮೊಟ್ಟೆಗಳನ್ನು ಮಾತ್ರ ತಿಂದು ಒಳ್ಳೆಯವನ್ನು ಮುಟ್ಟಲಿಲ್ಲ. ಮರಿ ಒಡೆದು ಎರಡು ದಿನ ಹೊಟ್ಟೆಗೆ ಅಂಟಿದ ಚೀಲದ ಆಹಾರದಲ್ಲೇ ಬದುಕಿಕೊಂಡ ಮೇಲೆ ಮೈಕ್ರೋವರ್ಮ್ ಎಂಬ ಅತಿ ಸಣ್ಣ ಹುಳ, ನಂತರ ಆರ್ಟೀಮಿಯಾ ಎಂಬ ಸಣ್ಣ ಉಪ್ಪುನೀರಿನ ಜೀವಿಯ ಮರಿಗಳನ್ನು ಕೊಟ್ಟೆ. ದಿನಕ್ಕೆರಡು ಸಲ ಡ್ರಾಪರಿನಿಂದ ತಳ ಹೀರಿ ಸ್ವಚ್ಛ ಮಾಡುವುದೇ ಇಲ್ಲಿ ನಿಜವಾದ ಕೆಲಸ. ಆ ಸಲ ಐವತ್ತರಲ್ಲಿ ಮೂವತ್ತೆಂಟು ಉಳಿದವು.

ಇದುವರೆಗೆ ಟ್ಯಾಂಕು, ಪಂಪು, ಸತ್ತ ಮೀನು ಎಲ್ಲ ಸೇರಿ ಸುಮಾರು 14,000 ರೂಪಾಯಿ ಹೋಗಿದೆ. ಮರಿಯೊಂದಕ್ಕೆ 120ರಂತೆ ಮಾರಿ ಬಂದದ್ದು 11,000 ಇರಬಹುದು. ಐಸಿನ ಲೆಕ್ಕ ಹಿಡಿದಿಲ್ಲ, ಮಾಲೀಕರೂ ಕೇಳಿಲ್ಲ.

ಕಳೆದ ತಿಂಗಳು ಕುರ್ಲಾದ ಆ ಹಿರಿಯರೇ ಇಪ್ಪತ್ತು ಮರಿ ತೆಗೆದುಕೊಂಡರು. ಒಂದನ್ನು ಬೊಗಸೆಯ ನೀರಿನಲ್ಲಿ ಹಿಡಿದು ಕಿತ್ತಳೆ ಮುಳ್ಳನ್ನು ಬಹಳ ಹೊತ್ತು ನೋಡಿ, "ಇದು ಬ್ಯಾಂಕಾಕಿನದ್ದೇ, ನೀವು ಸುಳ್ಳು ಹೇಳುತ್ತೀರಿ" ಎಂದು ಹಣ ಎಣಿಸಿ ಕೊಟ್ಟರು.